ಮುಡಿಪಿನ ದನಿ

ತಂಗಿ ಪದ್ದಿ ಹೋದ ಮೇಲೆ ನನ್ನ ಹತ್ತಿರ ದನಿ ಉಳಿಯತೊಡಗಿತು. ಅದನ್ನು ಕಂಡು ಊರಿನ ಅರ್ಧ ಜನ ಹೊಟ್ಟೆಕಿಚ್ಚುಪಟ್ಟರು. ನಮ್ಮೂರಿನಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಇಷ್ಟೇ ದನಿ. ಬೆಳಗ್ಗೆ ಏಳುವಾಗ ಗಂಟಲು ತುಂಬಿರುತ್ತದೆ, ಆಡುತ್ತ ಆಡುತ್ತ ಬತ್ತುತ್ತದೆ. ಬತ್ತಿತೆಂದರೆ ಮರುದಿನ ಕೋಳಿ ಕೂಗುವವರೆಗೆ ತುಟಿ ಅಲ್ಲಾಡೀತೇ ಹೊರತು ಸದ್ದು ಹೊರಡದು. ಉಳಿಸಿದ್ದು ನಾಳೆಗೆ ಸೇರುವುದೂ ಇಲ್ಲ, ಒಬ್ಬರದನ್ನು ಇನ್ನೊಬ್ಬರ ಗಂಟಲಿಗೆ ಸುರಿಯಲೂ ಬರುವುದಿಲ್ಲ. ಹಾಗಾಗಿ ನಮ್ಮವರು ಗಂಡಹೆಂಡಿರ ಜಗಳವನ್ನು ಬೆಳಗಿನ ಕಾಫಿಗೆ ಮೊದಲೇ ಮುಗಿಸಿಕೊಳ್ಳುತ್ತಾರೆ. ಹೆಣ್ಣು ನೋಡಲು ಹೋಗುವವರು ಬೆಳಗಿನಿಂದ ಬಾಯಿಗೆ ಎಲೆ ಅಡಿಕೆ ತುಂಬಿಕೊಂಡು ಕೂರುತ್ತಾರೆ. ಸಂತೆಯ ಚೌಕಾಸಿಯೆಲ್ಲ ಬೆರಳಿನಲ್ಲಿ, ಬೈಗುಳವೆಲ್ಲ ಹುಬ್ಬಿನಲ್ಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ಗಾದೆಯನ್ನು ಬೇರೆ ಊರಿನವರು ಬುದ್ಧಿವಾದಕ್ಕೆ ಹೇಳಿಕೊಳ್ಳಲಿ, ನಮಗೆ ಅದು ದಿನದ ಸಂಸಾರ.

ನಾನು ರವಿಕೆ, ಅಂಗಿ ಹೊಲಿಯುವವಳು. ಬಂದವರು ಕತ್ತು ಎಷ್ಟು ಇಳಿಯಬೇಕು, ತೋಳು ಎಲ್ಲಿಗೆ ನಿಲ್ಲಬೇಕು ಎಂದು ಕೈಯಲ್ಲೇ ತೋರಿಸಿ ಹೋಗುತ್ತಾರೆ. ಪದ್ದಿ ಇದ್ದಾಗ ಸಂಜೆ ಮಿಷನ್ನಿಗೆ ಬಟ್ಟೆ ಹೊದಿಸಿದ ಮೇಲೆ ನಮ್ಮ ಮಾತು ಶುರುವಾಗುತ್ತಿತ್ತು. ಅವಳದು ಮೊದಲು ತೀರುತ್ತಿತ್ತು, ಒಡಕು ಕೊಡ ಅವಳು. ಆಮೇಲೆ ನಾನು ಹೇಳುತ್ತಿದ್ದೆ, ಅವಳು ಬೆರಳು ಮೂಗಿನ ಮೇಲಿಟ್ಟುಕೊಂಡು ಕೇಳುತ್ತಿದ್ದಳು. ಅವಳು ಸತ್ತ ಮೇಲೆ ಸಂಜೆಗೆ ತುಂಬಿದ ಗಂಟಲು ಹಾಗೇ ಇರುತ್ತಿತ್ತು. ಹಾಳಾಗುತ್ತದಲ್ಲ ಎಂದು ನಾನು ಹಳೇ ಪೇಪರನ್ನು ಗೋಡೆಗೆ ಓದಿ ಹೇಳುತ್ತಿದ್ದೆ. "ದೇವೀರಕ್ಕನಿಗೇನು ಬಿಡ್ರಪ್ಪ, ಗೋಡೆಗೆ ಹಾಕೋವಷ್ಟು ದನಿ ಐತೆ" ಎಂದು ಪಕ್ಕದ ಮನೆಯವರು ಆಡಿಕೊಂಡರು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ನಮ್ಮೂರಿನಲ್ಲಿ ಒಬ್ಬಂಟಿಗಳೇ ಶ್ರೀಮಂತರು, ಆ ಸಿರಿ ಯಾರಿಗೂ ಬೇಡ.

ಇಂಥ ಊರಿನಲ್ಲಿ ಹೂವಿನ ಕಾಳಮ್ಮನ ಮಗಳು ಕುಮುದಾ ಹುಟ್ಟಿದ್ದಳು. ಹುಟ್ಟಿನಿಂದಲೇ ಕಣ್ಣು ಕಾಣದು. ಕಿವಿ ಕೇಳದಿದ್ದರೆ ನಮ್ಮೂರಿನಲ್ಲಿ ಯಾವ ತೊಂದರೆಯೂ ಇಲ್ಲ. ಕಾಲೇಜಿನಲ್ಲಿ ಚರಿತ್ರೆ ಹೇಳುವ ಮಾಚಯ್ಯ ಮೇಷ್ಟ್ರಿಗೆ ಹುಟ್ಟಾ ಕಿವಿ ಕೇಳದು, ಆದರೂ ಅವರ ಕೈ ನೋಡಲು ಬೇರೆ ತರಗತಿಯ ಹುಡುಗರೂ ಬಂದು ಕಿಟಕಿಗೆ ಜೋತುಬೀಳುತ್ತಿದ್ದರು. ಕುಮುದಾಳಿಗೆ ಮಾತ್ರ ಏನು ಹೇಳಬೇಕಾದರೂ ಬಾಯಿ ಬಿಟ್ಟೇ ಹೇಳಬೇಕು. ಬಾಯಿ ಬಿಟ್ಟರೆ ಖರ್ಚು. ಅವಳ ಕೋಲಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿದರೆ ಸಾಕು, ಹೆಂಗಸರು ಬಳೆ ಅಲ್ಲಾಡದಂತೆ ಕೈ ಒತ್ತಿ ಹಿಡಿದು ನಿಲ್ಲುತ್ತಿದ್ದರು, ಗಂಡಸರು ಚಪ್ಪಲಿ ಸದ್ದಾಗದಂತೆ ಇದ್ದಲ್ಲೇ ನಿಲ್ಲುತ್ತಿದ್ದರು. ಯಾರೂ ಕೆಟ್ಟವರಲ್ಲ. ಸಂಜೆ ಮಗುವಿಗೆ ಕಥೆ ಹೇಳಬೇಕು, ಅತ್ತೆಗೆ ಎದುರುತ್ತರ ಕೊಡಬೇಕು, ಅದಕ್ಕೆ ಒಂದಿಷ್ಟು ಇರಲಿ ಅಂತ ಅಷ್ಟೇ. "ಯಾರಿದೀರಾ?" ಎಂದು ಕುಮುದಾ ತುಂಬಿದ ಬೀದಿಯ ನಡುವೆ ನಿಂತು ಕೇಳುತ್ತಿದ್ದಳು. ಉತ್ತರ ಬಾರದೆ ಮುಂದೆ ಹೋಗುತ್ತಿದ್ದಳು. ತಲೆಗೆ ಹಚ್ಚಿದ ಎಣ್ಣೆಯ ವಾಸನೆಯಲ್ಲೇ ಅವಳಿಗೆ ಯಾರು ಯಾರೆಂದು ತಿಳಿಯುತ್ತಿತ್ತಂತೆ. ತಿಳಿದೂ ಕೇಳುತ್ತಿದ್ದಳಂತೆ. ಇದನ್ನು ಅವಳು ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ.

ಶಾಲೆ ಮುಗಿಯುವವರೆಗೆ ಕಾಳಮ್ಮನೇ ಮಗಳಿಗೆ ಎಲ್ಲವನ್ನೂ ಓದಿ ಹೇಳಿದಳು. ಬೆಳಗಾಗೆದ್ದು ಅಷ್ಟೂ ದನಿಯನ್ನು ಪಾಠಕ್ಕೆ ಸುರಿದು, ಆಮೇಲೆ ಮೂಕಿಯಂತೆ ಹೂ ಮಾರುತ್ತಿದ್ದಳು. ಹುಡುಗಿ ಊರಿಗೇ ಮೊದಲಾಗಿ ಪಾಸಾಗಿ, ಕಾನೂನು ಓದುತ್ತೇನೆಂದು ಹಟ ಹಿಡಿದಳು. ಕಾನೂನಿನ ಪುಸ್ತಕಗಳು ಕಾಳಮ್ಮನ ಬಾಯಿಗೆ ಸಿಕ್ಕುವಂಥವಲ್ಲ. ಅವಳ ಓದು ನಾಲ್ಕನೇ ಕ್ಲಾಸಿನದು, ಅಷ್ಟರಲ್ಲೇ ಮಗಳನ್ನು ಇಲ್ಲಿಯವರೆಗೆ ದಾಟಿಸಿದ್ದೇ ದೊಡ್ಡದು. ಕಾಲೇಜಿನಲ್ಲೋ ಪಾಠವೆಲ್ಲ ಬೋರ್ಡಿನ ಮೇಲೆ, ಕೈಸನ್ನೆಯಲ್ಲಿ. ಕೊನೆಗೆ ತಾಯಿ ಮಗಳು ಇಬ್ಬರೂ ಚಾವಡಿಗೆ ಹೋಗಿ ಊರನ್ನು ಸೇರಿಸಿದರು.

ಆವತ್ತು ಪ್ರಿನ್ಸಿಪಾಲರು ಎದ್ದು, "ನಮ್ ಕಾಲೇಜಿನ ಬಾಗ್ಲು ಯಾರಿಗೂ ಮುಚ್ಚಿಲ್ಲ. ಎಲ್ರಿಗೂ ಸಮ. ಬಂದು ಕೂತ್ಕೋಬೋದು" ಎಂದರು. ಕುಮುದಾ ಎದ್ದು ನಿಂತಳು. "ಕೂತ್ಕೊಂಡು ಏನ್ ಮಾಡ್ಲಿ ಸಾರ್? ಸೀಮೆಸುಣ್ಣದ ಸದ್ದು ಕೇಳ್ಲಾ?" ಎಂದಳು. ಜನ ನಕ್ಕರು. ನಗುವುದಕ್ಕೂ ಸ್ವಲ್ಪ ದನಿ ಹೋಗುತ್ತದೆ, ಆದರೂ ನಕ್ಕರು. ಯಜಮಾನ ಚೆನ್ನವೀರಯ್ಯನವರಿಗೆ ಅದು ತಾಗಿತು. ದೊಡ್ಡ ಮನಸ್ಸಿನ ಮನುಷ್ಯ ಅವರು, ಆದರೆ ತಮ್ಮ ಮನಸ್ಸು ದೊಡ್ಡದೆಂದು ನಾಲ್ಕು ಜನಕ್ಕೆ ಕಾಣುತ್ತಿರಬೇಕು. ಬಹಳ ಹೊತ್ತು ಗಡ್ಡ ನೀವಿಕೊಂಡು ತೀರ್ಮಾನ ಹೇಳಿದರು. ಊರಿನ ಮನೆಗಳು ಸರದಿಯ ಮೇಲೆ ಒಂದೊಂದು ಸಂಜೆಯ ದನಿಯನ್ನು ಈ ಹುಡುಗಿಗೆ ಮುಡಿಪು ಕಟ್ಟಬೇಕು. ಸರದಿಯ ಮನೆಯಿಂದ ಒಬ್ಬರು ಹೋಗಿ ಅವಳಿಗೆ ಪುಸ್ತಕ ಓದಬೇಕು. "ಆದ್ರೆ ಒಂದ್ ಮಾತು. ಮುಡಿಪು ದೇವರ ಎಣ್ಣೆ ಇದ್ದಂಗೆ. ಪುಸ್ತಕದಲ್ಲಿ ಇರೋದು ಮಾತ್ರ ಓದ್ಬೇಕು. ಸ್ವಂತದ್ದು ಒಂದಕ್ಷರ ಸೇರಿಸ್ಬಾರ್ದು. ಊರಿನ ದನಿ ಹರಟೆಗಲ್ಲ" ಎಂದರು. ಎಲ್ಲರೂ ಕೈ ಎತ್ತಿದರು. ಕಾಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಓದುವುದಕ್ಕೆ ಒಂದು ಜಾಗ ಬೇಕಿತ್ತು. ಮನೆಯ ಮುಂಭಾಗದ ನನ್ನ ಅಂಗಡಿ ಕಾಲೇಜಿಗೂ ಅವರ ಮನೆಗೂ ನಡುವೆ ಇದ್ದುದರಿಂದ ಅದೇ ಆಯಿತು. ಮೊದಮೊದಲು ಜನ ಹಬ್ಬಕ್ಕೆ ಬರುವಂತೆ ಬಂದರು. ಹೊಸ ಸೀರೆ ಉಟ್ಟುಕೊಂಡು ಬಂದು ಓದಿದ ಮಹಾತಾಯಂದಿರೂ ಇದ್ದರು. ಆದರೆ ಕಾನೂನಿನ ವಾಕ್ಯಗಳು ಹೇಗಿರುತ್ತವೆಂದರೆ, ಒಂದು ಮುಗಿಯುವಷ್ಟರಲ್ಲಿ ನಮ್ಮ ಗಂಟಲಿನ ತಳ ಕಾಣುತ್ತದೆ. ಓದಿ ಮನೆಗೆ ಹೋದವರಿಗೆ ಮಗು ಅತ್ತರೆ ರಮಿಸಲು ದನಿಯಿಲ್ಲ, ಗಂಡ ಕೇಳಿದ್ದಕ್ಕೆ ಉತ್ತರವಿಲ್ಲ. ಸರದಿ ತಪ್ಪತೊಡಗಿತು. ಒಬ್ಬರ ಮಗಳು ಬಾಣಂತನಕ್ಕೆ ಬಂದಿದ್ದಳು, ಒಬ್ಬರ ಮನೆಗೆ ಬೀಗರು ಬಂದಿದ್ದರು. ಅಕ್ಕಿಗಿರಣಿಯವರ ಸೊಸೆ ಬಂದಳು, ಆದರೆ ಉಳಿತಾಯ ಬಲ್ಲವಳು, ಪುಟದ ಕೊನೆಯಲ್ಲಿ ಸಣ್ಣಕ್ಷರದಲ್ಲಿದ್ದುದನ್ನೆಲ್ಲ ಬಿಟ್ಟು ಓದಿದಳು. ಪರೀಕ್ಷೆಯಲ್ಲಿ ಸಣ್ಣಕ್ಷರದ್ದನ್ನೇ ಕೇಳಿದರು, ಕುಮುದಾ ಅದರಲ್ಲಿ ಫೇಲಾದಳು. "ಅಷ್ಟೆಲ್ಲ ಊರು ಕೊಟ್ರೂ ಫೇಲಾದ್ಲಲ್ಲ" ಎಂದು ಜನ ಕೈಯಲ್ಲಿ ಆಡಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಅವಳಿಗೆ ಮಾತ್ರ ಅದು ಕಾಣಲಿಲ್ಲ.

ಅಂದಿನಿಂದ ತಪ್ಪಿದ ಸರದಿಯನ್ನೆಲ್ಲ ನಾನೇ ಹಿಡಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ತಪ್ಪದ ಸರದಿಯೇ ಉಳಿದಿರಲಿಲ್ಲ. ನಾನೇನು ತ್ಯಾಗ ಮಾಡಿದೆನೆಂದು ಹೇಳಿಕೊಳ್ಳುತ್ತಿಲ್ಲ. ಗೋಡೆಗೆ ಹಾಕುತ್ತಿದ್ದುದನ್ನು ಮನುಷ್ಯರ ಕಿವಿಗೆ ಹಾಕಿದೆ, ಅಷ್ಟೇ. ಸೂರ್ಯ ಇಳಿಯುವ ಹೊತ್ತಿಗೆ ಅವಳ ಕೋಲು ಹೊಸಿಲಿಗೆ ತಾಗುತ್ತಿತ್ತು. ಸ್ಟೂಲಿನ ಮೇಲೆ ಕೂತು, ಕಾಲಿಗೆ ಸಿಕ್ಕಿದ ಬಟ್ಟೆ ತುಂಡನ್ನು ಎತ್ತಿ ಮಡಿಸುತ್ತ, "ದೇವೀರಕ್ಕಾ, ಊಟ ಆಯ್ತಾ?" ಎನ್ನುತ್ತಿದ್ದಳು. ನಾನು ಉತ್ತರ ಕೊಡುತ್ತಿರಲಿಲ್ಲ. ನನ್ನ ಸಂಜೆಯ ದನಿ ಮುಡಿಪಿನದು, ಅದರಲ್ಲಿ ನನ್ನದು ಒಂದಕ್ಷರ ಸೇರುವಂತಿಲ್ಲ. ಕೈಸನ್ನೆ ಮಾಡಿದರೆ ಅವಳಿಗೆ ಕಾಣದು. ಕೊನೆಗೆ ಅವಳೇ ಒಂದು ಉಪಾಯ ಹೇಳಿದಳು. ಹೌದು ಎನ್ನುವುದಕ್ಕೆ ನಾನು ಅವಳ ಅಂಗೈ ಒತ್ತುವುದು, ಇಲ್ಲ ಎನ್ನುವುದಕ್ಕೆ ಕಿರುಬೆರಳು ಜಗ್ಗುವುದು. ಊಟ ಆಯ್ತಾ ಎಂದಾಗಲೆಲ್ಲ ನಾನು ಅಂಗೈ ಒತ್ತಿದೆ. ನಿಜ ಹೇಳಬೇಕೆಂದರೆ ಪದ್ದಿ ಹೋದ ಮೇಲೆ ನನ್ನ ಒಲೆ ಸಂಜೆ ಹೊತ್ತುತ್ತಲೇ ಇರಲಿಲ್ಲ. ಒಬ್ಬಳಿಗೆಂದು ಅನ್ನಕ್ಕಿಡಲು ಯಾರಿಗೆ ಮನಸ್ಸು ಬರುತ್ತದೆ? ಮಧ್ಯಾಹ್ನದ್ದೇನಾದರೂ ಉಳಿದಿದ್ದರೆ ತಿಂದು ಮಲಗುತ್ತಿದ್ದೆ.

ಅವಳು ಕೇಳುತ್ತಿದ್ದಳು, ನಾನು ಓದುತ್ತಿದ್ದೆ. ಜಮೀನಿನ ಕಾನೂನು, ವಾರಸಿನ ಕಾನೂನು, ಕಳ್ಳರ ಕಾನೂನು. ತಂದೆ ಸತ್ತರೆ ಯಾರಿಗೆ ಎಷ್ಟು, ಬೇಲಿ ದಾಟಿದ ದನ ಯಾರದು, ಮಾತು ಕೊಟ್ಟು ತಪ್ಪಿದವನಿಗೆ ಏನು ಮಾಡಬೇಕು, ಎಲ್ಲವೂ ನನ್ನ ಬಾಯಿಂದ ಅವಳ ತಲೆಗೆ ಹೋಯಿತು. ಸಂಜೆಗೆ ಸಾಲದೆಂದು ನಾನು ಹಗಲೂ ಬಾಯಿ ಕಟ್ಟಿದೆ. ಗಿರಾಕಿಗಳಿಗೆ ಬನ್ನಿ ಎನ್ನಲಿಲ್ಲ. ಗೋಡೆಗೆ ಓದುವುದಂತೂ ಮುಂಚೆಯೇ ನಿಂತಿತ್ತು. ಪದ್ದಿಯ ಫೋಟೋಗೆ ಬೆಳಗ್ಗೆ ಹೂ ಇಡುವಾಗ ಏನಾದರೊಂದು ಹೇಳುತ್ತಿದ್ದೆ, ಅದನ್ನೂ ಬಿಟ್ಟೆ. ಅಷ್ಟು ಸಂತೋಷವಾಗಿ ನಾನು ಯಾವತ್ತೂ ಇರಲಿಲ್ಲ, ಅಷ್ಟು ಒಂಟಿಯಾಗಿಯೂ ಇರಲಿಲ್ಲ. ಎದುರಿಗೇ ಮನುಷ್ಯಳು ಕೂತಿದ್ದಾಳೆ, ಮೊಣಕಾಲಿಗೆ ಮೊಣಕಾಲು ತಾಗುತ್ತದೆ, ನನ್ನ ದನಿಯೇ ಅವಳಿಗೆ ಅನ್ನ. ಆದರೆ ಆ ದನಿಯಲ್ಲಿ ನಾನಿಲ್ಲ. ಅವಳಿಗೆ ನಾನು ಯಾರೆಂದೇ ಗೊತ್ತಿಲ್ಲ. ನನಗೊಬ್ಬಳು ತಂಗಿಯಿದ್ದಳೆಂಬುದನ್ನೂ ಅವಳು ಬೇರೆಯವರಿಂದ ಕೇಳಿದ್ದಳು.

ಒಮ್ಮೆ ಒಂದು ಕಷ್ಟದ ಭಾಗ ಬಂತು. ಅವಳು ತಡೆದು, "ಇದರರ್ಥ ಏನಕ್ಕ?" ಎಂದಳು. ಎಷ್ಟೋ ಪುಸ್ತಕ ಓದಿದ ಮೇಲೆ ನನಗೂ ಅಷ್ಟಿಷ್ಟು ತಿಳಿಯತೊಡಗಿತ್ತು, ಎರಡು ಮಾತಿನಲ್ಲಿ ಹೇಳಬಹುದಿತ್ತು. ಹೇಳದೆ ಅದೇ ವಾಕ್ಯವನ್ನು ಮತ್ತೆ ಓದಿದೆ. ಇನ್ನೊಮ್ಮೆ ಓದಿದೆ. ಅವಳು ಪುಸ್ತಕದ ಮೇಲೆ ಕೈಯಿಟ್ಟು, "ಒಂದೇ ಒಂದು ಮಾತು ನಿಮ್ದು ಆಡಿ ಅಕ್ಕ. ಯಾರಿಗೂ ಹೇಳಲ್ಲ. ಬೈದ್ರೂ ಪರ್ವಾಗಿಲ್ಲ" ಎಂದಳು. ನಾನು ಅವಳ ಕಿರುಬೆರಳು ಜಗ್ಗಿದೆ. ಯಜಮಾನರ ಹೆದರಿಕೆಯೇನಲ್ಲ, ಚೆನ್ನವೀರಯ್ಯನವರ ಅಂಗಿಯ ಅಳತೆಯೂ ನನಗೆ ಗೊತ್ತು, ಎದೆಗಾರಿಕೆಯ ಅಳತೆಯೂ ಗೊತ್ತು. ಹೆದರಿಕೆ ನನ್ನದೇ. ಒಂದು ಮಾತು ಆಡಿದರೆ ಹಿಂದೆಯೇ ಪದ್ದಿ ಬರುತ್ತಾಳೆ, ಅವಳ ಹಿಂದೆ ಅವಳ ಕಾಯಿಲೆ ಬರುತ್ತದೆ, ನಮ್ಮ ಅವ್ವ ಬರುತ್ತಾಳೆ. ಕಟ್ಟೆ ಒಡೆದ ಮೇಲೆ ಯಾರು ತಡೆಯುತ್ತಾರೆ? ಪುಸ್ತಕ ಅಲ್ಲೇ ಬೀಳುತ್ತದೆ, ಹುಡುಗಿ ಫೇಲಾಗುತ್ತಾಳೆ. ಕುಮುದಾ ಪುಟದ ಮೇಲೆ ಒಮ್ಮೆ ಬೆರಳಾಡಿಸಿದಳು. ಆಮೇಲೆ ಕೈ ತೆಗೆದು, "ಸರಿ, ಓದಿ" ಎಂದಳು.

ಹೊರಡುವಾಗ ಹೊಸಿಲಲ್ಲಿ ನಿಂತು ತಿರುಗಿದಳು. "ಹಂಗಾದ್ರೆ ಒಂದ್ ಮಾತು ಕೊಡಿ. ನಾನು ಪಾಸಾದ ದಿನ ಬೆಳಗ್ಗಿಂದ ಬಾಯಿ ಬಿಡಲ್ಲ. ನೀವೂ ಬಿಡ್ಬೇಡಿ. ಸಂಜೆ ಇಬ್ರೂ ಕೂತು, ಖಾಲಿಯಾಗೋವರ್ಗೂ ನಮ್ದೇ ಮಾತಾಡೋಣ. ಪುಸ್ತಕ ಮುಟ್ಟೋದೇ ಬೇಡ." ನಾನು ಎದ್ದು ಹೋಗಿ ಅವಳ ಅಂಗೈ ಒತ್ತಿದೆ. ಅಂದಿನಿಂದ ನಾನು ಆ ಸಂಜೆಗಾಗಿಯೇ ಬದುಕಿದೆ ಎಂದರೆ ತಪ್ಪಿಲ್ಲ. ರವಿಕೆಗೆ ಕಾಜ ಹಾಕುತ್ತ, ಮೊದಲು ಏನು ಹೇಳಬೇಕು, ಆಮೇಲೆ ಏನು, ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಉದ್ದದ್ದು, ಅದರಲ್ಲಿ ಇನ್ನೊಂದು ತಮಾಷೆ. ಉಳಿದವರು ಪೆನ್ನಿನಲ್ಲಿ ಬರೆಯುತ್ತಾರೆ, ಇವಳು ಬಾಯಲ್ಲಿ ಹೇಳಬೇಕು, ಬರೆಯಲು ಒಬ್ಬರನ್ನು ಕೂರಿಸುತ್ತಾರೆ. ಅರ್ಧ ಪ್ರಶ್ನೆಗೆ ದನಿ ಮುಗಿದರೆ ಗತಿಯೇನು ಎಂದು ಕಾಳಮ್ಮ ಕೇಳಲು ಹೋದಳು. ಪ್ರಿನ್ಸಿಪಾಲರು ಬಹಳ ಉದಾರವಾಗಿ ಒಂದು ಗಂಟೆ ಹೆಚ್ಚು ಕೊಟ್ಟರು. ಬತ್ತಿದ ಬಾವಿಯ ಮುಂದೆ ಇನ್ನೊಂದು ಗಂಟೆ ಕೊಡ ಹಿಡಿದು ನಿಂತರೆ ನೀರು ಬರುತ್ತದೆಯೇ? ಕುಮುದಾ ಜಗಳಕ್ಕೆ ಹೋಗಲಿಲ್ಲ. ಜಗಳಕ್ಕೂ ದನಿ ಬೇಕು. ಒಂದೊಂದು ಉತ್ತರವನ್ನೂ ಹಿಂಡಿ ಹಿಂಡಿ ಚಿಕ್ಕದು ಮಾಡಿ ಹೇಳಿದಳು. ಬರೆದುಕೊಂಡವರು, ಇಷ್ಟೇನಾ ಎಂದು ಸನ್ನೆ ಮಾಡಿದ್ದು ಅವಳಿಗೆ ಕಾಣಲಿಲ್ಲ, ಅದೂ ಒಳ್ಳೆಯದೇ ಆಯಿತು. ಅವಳು ಪಾಸಾದಳು. ದೊಡ್ಡ ನ್ಯಾಯಾಲಯವಿರುವ ಊರಿನ ಒಬ್ಬ ಹಿರಿಯ ವಕೀಲೆ ತಮ್ಮ ಕೈಕೆಳಗೆ ಸೇರಿಸಿಕೊಳ್ಳುತ್ತೇನೆಂದು ಹೇಳಿ ಕಳಿಸಿದರು. ಫಲಿತಾಂಶ ಬಂದ ಮರುದಿನ ಬೆಳಗಿನ ಬಸ್ಸಿಗೇ ಹೊರಡಬೇಕಿತ್ತು.

ಫಲಿತಾಂಶದ ದಿನ ನಾನು ಬಾಯಿ ಬಿಡಲಿಲ್ಲ. ಪಾಸಾದಳೆಂದು ಕಾಳಮ್ಮ ಓಡಿಬಂದು ತಬ್ಬಿಕೊಂಡಾಗಲೂ ಬಿಡಲಿಲ್ಲ. ಮಧ್ಯಾಹ್ನವೇ ಮಿಷನ್ನಿಗೆ ಬಟ್ಟೆ ಹೊದಿಸಿದೆ. ಒಲೆ ಹಚ್ಚಿ ಅನ್ನಕ್ಕಿಟ್ಟೆ, ಅವರೆಕಾಳಿನ ಸಾರು ಮಾಡಿದೆ, ಹಪ್ಪಳ ಕರಿದೆ. ಅಷ್ಟರಲ್ಲಿ ಚಾವಡಿಯ ಗಂಟೆ ಬಡಿಯಿತು. ಹುಡುಗಿಗೆ ಶಾಲು ಹೊದಿಸುತ್ತಾರಂತೆ, ಎಲ್ಲರೂ ಬರಬೇಕಂತೆ.

ಶಾಲು ಹೊದಿಸಿದರು. ಮುಡಿಪು ಕೊಟ್ಟ ಮನೆಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ ಎಂದರು ಯಜಮಾನರು. ಹೊಸ ಸೀರೆಯ ಮಹಾತಾಯಂದಿರು ತಲೆಯಾಡಿಸಿದರು, ಅಕ್ಕಿಗಿರಣಿಯ ಸೊಸೆ ಎಲ್ಲರಿಗಿಂತ ಜೋರಾಗಿ ಆಡಿಸಿದಳು. ಆಮೇಲೆ ಯಜಮಾನರು, "ಹುಡುಗಿ ಪಾಸಾದ್ಲು, ಊರಿನ ಹೆಸ್ರು ಉಳೀತು. ಇನ್ನು ಮುಡಿಪು ಬಿಚ್ಚೋಣ. ಕೆಲ್ಸ ಮುಗೀತಲ್ಲ" ಎಂದು ಕೂತರು. ಚಾವಡಿಯ ಕಂಬದ ಹತ್ತಿರ ಕುಂಬಾರರ ಲಕ್ಕವ್ವ ತನ್ನ ಮೊಮ್ಮಗಳು ಗಂಗೆಯ ಕೈ ಹಿಡಿದು ನಿಂತಿದ್ದಳು. ಗಂಗೆಗೂ ಕಣ್ಣಿಲ್ಲ. ಆ ವರ್ಷ ಶಾಲೆ ಮುಗಿಸಿದ್ದಳು. ಲಕ್ಕವ್ವ ಏನೋ ಕೇಳಲೆಂದು ತುಟಿ ಆಡಿಸಿದಳು, ಅವಳ ದನಿ ಆಗಲೇ ತೀರಿತ್ತು. ಗಂಗೆ ಮಾತ್ರ ಸಣ್ಣ ಗಂಟಲಿನಲ್ಲಿ, "ಹಂಗಾದ್ರೆ ನಾನು?" ಎಂದಳು. ಹೆಂಗಸರ ಕೈ ತಾನಾಗಿ ಬಳೆಗಳ ಮೇಲೆ ಹೋಯಿತು.

ಕುಮುದಾ ನನ್ನ ಪಕ್ಕ ಕೂತಿದ್ದಳು. ಬೆಳಗಿನಿಂದ ಅವಳೂ ತುಟಿ ಬಿಚ್ಚಿರಲಿಲ್ಲ, ಶಾಲು ಹೊದಿಸಿದಾಗಲೂ ಬರೇ ಕೈ ಮುಗಿದಿದ್ದಳು. ಈಗ ನನ್ನ ಕೈ ಹುಡುಕಿ ಹಿಡಿದಳು. ಅಂಗೈ ಒತ್ತಲಿಲ್ಲ, ಕಿರುಬೆರಳನ್ನೂ ಜಗ್ಗಲಿಲ್ಲ. ಸುಮ್ಮನೆ ಹಿಡಿದಿದ್ದು, ಬಿಟ್ಟು ಎದ್ದಳು. ಅವಳು ಏನು ಖರ್ಚು ಮಾಡಲು ಎದ್ದಿದ್ದಾಳೆಂದು ಆ ಚಾವಡಿಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬೇಡ ಎನ್ನಬೇಕೆನಿಸಿತು. ಹೌದು, ಎನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಕುಂಬಾರರ ಗಂಗೆ ನನಗೇನಾಗಬೇಕು? ಆ ಸಂಜೆ ನನ್ನದಾಗಿತ್ತು.

ಅವಳು ಮಾತಾಡಿದಳು. ನಾನು ಓದಿದ ಪುಸ್ತಕಗಳೆಲ್ಲ ಅವಳ ಬಾಯಿಂದ ಬೇರೆಯೇ ಆಗಿ ಬಂದವು. "ಯಜಮಾನ್ರೇ, ನನಗೆ ಊರು ದಾನ ಮಾಡ್ತು. ದಾನ ಅಂದ್ರೆ ಬೀಗರು ಬಂದಾಗ ನಿಲ್ಲುತ್ತೆ, ಹಬ್ಬ ಬಂದಾಗ ನಿಲ್ಲುತ್ತೆ. ಕಾಲೇಜು ಕಟ್ಟಿದ್ದು ಊರು, ಬೋರ್ಡಿಗೆ ಸೀಮೆಸುಣ್ಣ ಕೊಡೋದು ಊರು. ಅದನ್ನ ಯಾರೂ ದಾನ ಅನ್ನಲ್ಲ. ಗಂಗೆ ಕೂತಿರೋ ತರಗತೀಲಿ ಮೇಷ್ಟ್ರು ಬರೆದದ್ದನ್ನ ಬಾಯಲ್ಲೂ ಹೇಳ್ಬೇಕು. ಅವರ ದನಿ ತೀರಿದ್ರೆ ಹೇಳೋಕೆ ಅಂತ್ಲೇ ಒಬ್ರನ್ನ ಕಾಲೇಜು ಇಟ್ಕೋಬೇಕು. ಪರೀಕ್ಷೇಲಿ ಹೆಚ್ಚಿನ ಗಂಟೆ ಬೇಡ, ಹೆಚ್ಚಿನ ದಿನ ಕೊಡ್ಲಿ. ಇನ್ನೊಂದು. ಓದೋರು ತಮ್ಮ ಮಾತನ್ನೂ ಆಡ್ಲಿ. ಪುಸ್ತಕದ ಅರ್ಥ ಕೇಳಿದ್ರೆ ಹೇಳ್ಲಿ, ಊಟ ಆಯ್ತಾ ಅಂದ್ರೆ ಆಯ್ತು ಅನ್ಲಿ. ನಾನು ಐದು ವರ್ಷ ಮನುಷ್ಯರ ದನಿ ಕೇಳಿದೀನಿ. ಮನುಷ್ಯರ ಮಾತು ಕೇಳಿಲ್ಲ." ಪ್ರಿನ್ಸಿಪಾಲರು ಎದ್ದು ಅಡ್ಡ ಹಾಕಿದರು, ಅವಳು ಉತ್ತರ ಕೊಟ್ಟಳು. ಯಜಮಾನರು ಅಡ್ಡ ಹಾಕಿದರು, ಅವರಿಗೂ ಕೊಟ್ಟಳು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ದನಿ ಸಣ್ಣದಾಗುತ್ತ ಬಂತು, ಒಡೆಯಿತು, ಆಮೇಲೆ ಬರೇ ಉಸಿರಾಯಿತು, ಆಮೇಲೆ ಅದೂ ಇಲ್ಲ.

ಅವಳು ನಿಂತೇ ಇದ್ದಳು. ಚಾವಡಿಯಲ್ಲಿ ಒಂದು ಕೈ ಎದ್ದಿತು, ಮಾಚಯ್ಯ ಮೇಷ್ಟ್ರದು. ಪಕ್ಕದವನು ಕೈಸನ್ನೆಯಲ್ಲಿ ಅವರಿಗೆ ಎಲ್ಲವನ್ನೂ ದಾಟಿಸಿದ್ದ. ಹಿಂದೆಯೇ ಇನ್ನೊಂದು ಎದ್ದಿತು, ನಾಲ್ಕಾರು ಎದ್ದವು, ಅರ್ಧಕ್ಕಿಂತ ಹೆಚ್ಚು ಎದ್ದವು. ಯಜಮಾನರು ಸುತ್ತ ನೋಡಿ ತಮ್ಮ ಕೈಯನ್ನೂ ಎತ್ತಿದರು. ಒಂದಿಷ್ಟೂ ಸದ್ದಿಲ್ಲ. ಕುಮುದಾಳ ಮುಖ ಬಾಡುತ್ತ ಹೋಯಿತು. ಯಾರೂ ಒಪ್ಪಲಿಲ್ಲವೆಂದುಕೊಂಡು, ಕೂರಲು ಕೋಲಿಗೆ ತಡಕಾಡಿದಳು. ಹೇಳಬೇಕೆಂದು ನಾನು ಬಾಯಿ ತೆರೆದೆ. ಅವಳೆದುರು ಸ್ವಂತ ಮಾತು ಆಡಿಯೇ ಗೊತ್ತಿಲ್ಲದ ನಾಲಿಗೆ, ತುಂಬಿದ ಗಂಟಲಿದ್ದೂ ಹೊರಳಲಿಲ್ಲ. ಅಷ್ಟರಲ್ಲಿ ಕಾಳಮ್ಮ ಹಿಂದಿನಿಂದ, "ಎತ್ತವ್ರೆ ಕಣವ್ವಾ! ಕೈ ಎತ್ತವ್ರೆ! ಯಜಮಾನ್ರೂ ಎತ್ತವ್ರೆ!" ಎಂದು ಸೂರು ಹಾರಿಹೋಗುವಂತೆ ಕೂಗಿದಳು. ಗಂಗೆ ಚಪ್ಪಾಳೆ ತಟ್ಟಿದಳು.

ಕತ್ತಲಾಗುವ ಮುಂಚೆ ಕುಮುದಾಳ ಕೋಲು ನನ್ನ ಹೊಸಿಲಿಗೆ ತಾಗಿತು. ಅವಳು ಬಂದು ಸ್ಟೂಲಿನ ಮೇಲೆ ಕೂತಳು. ಕಾಲಿಗೆ ಸಿಕ್ಕಿದ ತುಂಡು ಬಟ್ಟೆಯನ್ನು ಎತ್ತಿಕೊಂಡಳು, ಮಡಿಸಲಿಲ್ಲ. ತನ್ನ ಗಂಟಲು ಮುಟ್ಟಿಕೊಂಡು ಇಲ್ಲವೆಂಬಂತೆ ತಲೆಯಾಡಿಸಿದಳು, ಕಣ್ಣಿಂದ ನೀರು ಇಳಿಯುತ್ತಿತ್ತು. ನನ್ನೊಳಗೆ ಒಂದು ದಿನದ ದನಿ ಪೂರ್ತಿ ಇತ್ತು. ಜೋಡಿಸಿಟ್ಟುಕೊಂಡದ್ದೆಲ್ಲ ಇತ್ತು, ಪದ್ದಿ ಇದ್ದಳು, ಅವ್ವ ಇದ್ದಳು, ಈ ಐದು ವರ್ಷದ ಸಂಜೆಗಳೆಲ್ಲ ಇದ್ದವು. ಬಾಯಿ ತೆರೆದರೆ ಯಾವುದೂ ಬರಲೊಲ್ಲದು. ಓದಿ ಓದಿ ನಾಲಿಗೆಗೆ ಪುಸ್ತಕದ ದಾರಿಯೊಂದೇ ಗೊತ್ತು. ಕೊನೆಗೆ ಅವಳ ಎದುರು ಕೂತೆ, ಮೊಣಕಾಲಿಗೆ ಮೊಣಕಾಲು ತಾಗಿತು. ಅವಳಿಂದಲೇ ಕಲಿತ ಮಾತೊಂದಿತ್ತು, ಅದು ಬಂತು.

"ಊಟ ಆಯ್ತಾ ಕುಮುದಾ?" ಎಂದೆ.

ಅವಳು ಬೆಚ್ಚಿ ತಲೆಯೆತ್ತಿದಳು. ಈ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಮಾತು ಹೊಸದು. ನನ್ನ ಕೈ ಹುಡುಕಿ, ಕಿರುಬೆರಳು ಹಿಡಿದು ಜಗ್ಗಿದಳು.

"ನಂದೂ ಆಗಿಲ್ಲ ಕಣವ್ವಾ" ಎಂದೆ. "ಯಾವತ್ತೂ ಆಗಿರ್ಲಿಲ್ಲ." ಎದ್ದು ಎರಡು ತಟ್ಟೆ ಹಾಕಿದೆ.